'ಹ' ಇಲ್ಲದ ಸೀಮೆಯಲ್ಲಿ ಆರು ಪ್ಲೇಟು

ಇಂಗ್ಲೆಂಡಿನಲ್ಲಿ ನವೆಂಬರ್ ಬಂತೆಂದರೆ ಅಂಗಡಿ ಅಂಗಡಿಯಲ್ಲೂ ಒಂದು ಕೂಗು ಶುರುವಾಗುತ್ತದೆ. ನೀವು ನಿಮ್ಮ ಪಾಡಿಗೆ ಈರುಳ್ಳಿ ಆರಿಸುತ್ತಿರುತ್ತೀರಿ. ಮೇಲಿನ ಸ್ಪೀಕರಿನಿಂದ ಒಬ್ಬ ಗಂಟಲು ಹರಿಯುವ ಹಾಗೆ ಕ್ರಿಸ್‌ಮಸ್ ಬಂತು ಅಂತ ಕಿರುಚುತ್ತಾನೆ. ರೆಡಿಂಗ್‌ಗೆ ಬಂದ ಮೊದಲ ವರ್ಷ ನಾನು ಬೆಚ್ಚಿಬಿದ್ದು ಮೊಟ್ಟೆ ಡಬ್ಬ ಕೆಳಗೆ ಹಾಕಿದ್ದೆ.

ಅದು ಸ್ಲೇಡ್ ಅನ್ನುವ ಬ್ಯಾಂಡು, ಕಿರುಚುವವನು ನಾಡಿ ಹೋಲ್ಡರ್ ಅಂತ ಹೇಳಿದ್ದು ಆಫೀಸಿನ ಹಿರಿಯರೊಬ್ಬರು. 1971ರಿಂದ 1973ರೊಳಗೆ ಇವರ ಆರು ಹಾಡು ಬ್ರಿಟನ್ನಿನಲ್ಲಿ ನಂಬರ್ ಒನ್ ಆಗಿದ್ದವಂತೆ. ಈಗ ಡಿಸೆಂಬರ್ ಕಳೆದರೆ ಯಾರೂ ಕೇಳುವುದಿಲ್ಲ. "ಒಂದೇ ತೊಂದರೆ, ಅವರಿಗೆ ಸ್ಪೆಲ್ಲಿಂಗ್ ಬರುತ್ತಿರಲಿಲ್ಲ" ಅಂತ ನಗುತ್ತಾ ಒಂದು ಚೀಟಿಯಲ್ಲಿ ಹಾಡುಗಳ ಹೆಸರು ಬರೆದುಕೊಟ್ಟರು. 'ಟೇಕ್ ಮಿ ಬ್ಯಾಕ್ ಓಮ್' ಅನ್ನುವುದರಲ್ಲಿ ಬ್ಯಾಕಿಗೆ ಸಿ ಇಲ್ಲ. ಹೋಮಿಗೆ ಎಚ್ ಇಲ್ಲ. ಅದಿರಬೇಕಾದ ಕಡೆ ಮೇಲೊಂದು ಸಣ್ಣ ಗೀಟು ಮಾತ್ರ.

ಆ ಚೀಟಿ ನೋಡಿ ನನಗೆ ನಗು ಬರಲಿಲ್ಲ. ನಾನು ಮಳವಳ್ಳಿ ಕಡೆಯವನು. ನಮ್ಮ ಮನೆಯಲ್ಲಿ ಆಲು ಕಾಯಿಸುತ್ತಾರೆ, ಊವು ಕಟ್ಟುತ್ತಾರೆ, ಒಲಕ್ಕೆ ಓಗುತ್ತಾರೆ. ಬೆಂಗಳೂರಿನ ಹಾಸ್ಟೆಲಿನಲ್ಲಿ ನಾಲ್ಕು ವರ್ಷ ಹುಡುಗರು ನನ್ನನ್ನು ಕರೆದಿದ್ದೇ 'ಆಲು' ಅಂತ. ಆ ಕಾಟಕ್ಕೆ ಹೆದರಿ ನಾನು ಎಲ್ಲದಕ್ಕೂ 'ಹ' ಸೇರಿಸಲು ಹೋಗಿ, ಒಂದು ದಿನ ಅಂಗಡಿಯಲ್ಲಿ ಐದು ಕಿಲೋ ಹಕ್ಕಿ ಕೊಡಿ ಅಂದಿದ್ದೆ. ಹೀಗಿರುವಾಗ ಎಚ್ ನುಂಗಿ ನಂಬರ್ ಒನ್ ಆದವರ ಮೇಲೆ ನನಗೆ ಅಭಿಮಾನ ಹುಟ್ಟಿದ್ದು ತಪ್ಪಾ ಹೇಳಿ.

ಗ್ರಾಮಫೋನ್ ಪ್ಲೇಟು ಹಾಕುವ ಹಳೆಯ ಟರ್ನ್‌ಟೇಬಲ್ ಒಂದು ಮನೆಗೆ ಬಂದ ಮೇಲೆ ಅಭಿಮಾನ ಹುಚ್ಚಾಯಿತು. ಆರೂ ಸಿಂಗಲ್‌ಗಳು, ಅಂದರೆ ಮಗ್ಗುಲಿಗೊಂದು ಹಾಡಿರುವ ಸಣ್ಣ ಪ್ಲೇಟುಗಳು ಬೇಕು, ಪಾಲಿಡೋರ್ ಕಂಪನಿಯವರು ಆಗ ಹೊರತಂದ ಕೆಂಪು ಲೇಬಲ್ಲಿನವೇ ಬೇಕು. ಆನ್‌ಲೈನಿನಲ್ಲಿ ಕೂತಲ್ಲೇ ಆರನ್ನೂ ತರಿಸಬಹುದು, ಅದರಲ್ಲಿ ಏನು ಸ್ವಾರಸ್ಯ? ಅವರು ಹುಟ್ಟಿ ಬೆಳೆದ ಸೀಮೆಯಲ್ಲೇ ಕೈಯಾರೆ ಹುಡುಕಬೇಕು, ಒಂದಕ್ಕೆ 3 ಪೌಂಡಿಗಿಂತ ಹೆಚ್ಚು ಕೊಡಬಾರದು ಅಂತ ನಿಯಮ ಹಾಕಿಕೊಂಡೆ. ಅಕ್ಟೋಬರಿನಲ್ಲಿ ನಾಲ್ಕು ದಿನ ರಜೆ ಹಾಕಿದೆ. ಹೆಂಡತಿ ಬರುವುದಿಲ್ಲ ಅಂದಳು. ಬರ್ಮಿಂಗ್‌ಹ್ಯಾಮಿನಲ್ಲಿರುವ ಅವಳ ತಮ್ಮ ಬರುತ್ತೇನೆ ಅಂದ. ಅವನಿಗೆ ಹಾಡು ಬೇಕಿಲ್ಲ, ಊಟ ಬೇಕು. ಶಿವಮೊಗ್ಗದ ಹುಡುಗ. 'ಹ'ವನ್ನು ಎದೆಯಾಳದಿಂದ ಹೇಳುತ್ತಾನೆ.

ಮೊದಲ ದಿನ, ಶುಕ್ರವಾರ: ವೊಲ್ವರ್‌ಹ್ಯಾಂಪ್ಟನ್

ರೈಲಿನಿಂದ ಇಳಿದಾಗ ಜಿಟಿಜಿಟಿ ಮಳೆ. ಇಲ್ಲಿನ ಮಳೆ ನಮ್ಮ ಮಳೆಯ ಹಾಗೆ ಸುರಿದು ಮುಗಿಸುವುದಿಲ್ಲ, ಸಾಲಗಾರನ ಹಾಗೆ ಬಾಗಿಲಲ್ಲೇ ನಿಂತಿರುತ್ತದೆ. ಈ ಸುತ್ತಿನ ಪ್ರದೇಶಕ್ಕೆ ಬ್ಲ್ಯಾಕ್ ಕಂಟ್ರಿ ಅಂತ ಹೆಸರು. ಕಪ್ಪು ಸೀಮೆ. ಕಲ್ಲಿದ್ದಲ ಗಣಿ, ಕಬ್ಬಿಣದ ಕುಲುಮೆ, ಸರಪಳಿ ಮಾಡುವ ಕಾರ್ಖಾನೆ, ಅವುಗಳ ಹೊಗೆ. ಈಗ ಹೊಗೆ ಇಲ್ಲ, ಹೆಸರು ಉಳಿದಿದೆ.

ಹಳೇ ರೆಕಾರ್ಡ್ ಸಿಗುವ ಅಂಗಡಿ ಎಲ್ಲಿ ಅಂತ ಬಸ್ ಸ್ಟಾಪಿನಲ್ಲಿ ಒಬ್ಬ ಅಜ್ಜಿಯನ್ನು ಕೇಳಿದೆವು. ಆಕೆ ಕೈಯಾಡಿಸಿ, ನೇರ ಹೋದರೆ 'ಮ್ಯಾನ್ ಆನ್ ದಿ ಆಸ್' ಸಿಗುತ್ತಾನೆ, ಅವನ ಪಕ್ಕದ ಓಣಿಯಲ್ಲಿ ಕೇಳಿ ಅಂದಳು.

"ಭಾವ, ಆಸ್ ಅಂದ್ರೆ ಏನು? ಪಬ್ ಹೆಸರಾ?" ಅಂದ ಭಾಮೈದ.

"ಕುದುರೆ ಕಣೋ. ಹಾರ್ಸ್. ಎಚ್ ನುಂಗಿದ್ದಾರೆ."

ಹೌದು, ಕ್ವೀನ್ ಸ್ಕ್ವೇರಿನಲ್ಲಿ ಕುದುರೆ ಮೇಲೆ ಕೂತ ಪ್ರಿನ್ಸ್ ಆಲ್ಬರ್ಟ್. ಗಂಡ ಸತ್ತ ದುಃಖದಲ್ಲಿ ಹೊರಗೆ ಮುಖ ತೋರಿಸದೆ ಇದ್ದ ವಿಕ್ಟೋರಿಯಾ ರಾಣಿ 1866ರಲ್ಲಿ ಖುದ್ದಾಗಿ ಬಂದು ಅನಾವರಣ ಮಾಡಿದ ಪ್ರತಿಮೆ. ಊರಿನವರಿಗೆ ಅವನು ರಾಜಕುಮಾರನೂ ಅಲ್ಲ, ಆಲ್ಬರ್ಟನೂ ಅಲ್ಲ, ಕುದ್ರೆ ಮೇಲಿನ ಆಸಾಮಿ. ಯಾರನ್ನಾದರೂ ಭೇಟಿಯಾಗಬೇಕೆಂದರೆ ಅವನ ಕೆಳಗೇ ನಿಲ್ಲುವುದು. ಒಂದು ಮಾತು ನನಗೆ ಮೊದಲೇ ಅರ್ಥವಾಗಿ ಭಾಮೈದನಿಗೆ ಅರ್ಥವಾಗದೆ ಇದ್ದದ್ದು ಬದುಕಿನಲ್ಲಿ ಇದೇ ಮೊದಲು. ಸ್ವಲ್ಪ ಎದೆ ಉಬ್ಬಿಸಿಯೇ ನಡೆದೆ.

ಅಂಗಡಿ ಒಂದು ಕಡಿದಾದ ಮೆಟ್ಟಿಲಿನ ಮೇಲೆ. ಒಳಗೆ ಹಳೇ ರಟ್ಟು, ಧೂಳು, ಒದ್ದೆ ಕೋಟಿನ ವಾಸನೆ. ಗೋಡೆಯುದ್ದಕ್ಕೂ ಏಳು ಇಂಚಿನ ಪ್ಲೇಟುಗಳ ಡಬ್ಬಗಳು. ಕೌಂಟರಿನಲ್ಲಿ ಅರವತ್ತು ದಾಟಿದ, ಕಿವಿಗೆ ರಿಂಗ್ ಹಾಕಿದ ಯಜಮಾನ. "ಔ ಬಿನ್ ಯಾ?" ಅಂತ ಸ್ವಾಗತಿಸಿದ. ಹೇಗಿದ್ದೀಯ ಅಂತ. ಕನ್ನಡಕ್ಕೆ ತಂದರೆ 'ಹೇಗಿದ್ದೀಯ' ಅಲ್ಲವೇ ಅಲ್ಲ, "ಎಂಗಿದ್ದೀಯಪ್ಪಾ?" ಅಷ್ಟೇ.

ಸ್ಲೇಡ್ ಅಂದ ತಕ್ಷಣ ಅವನ ಮುಖ ಅರಳಿತು. ಒಂದು ಇಡೀ ಡಬ್ಬ ಎತ್ತಿ ಮುಂದಿಟ್ಟ. ಬೆಲೆ ನೋಡಿ ನನಗೇ ಆಶ್ಚರ್ಯ. ಎರಡು ಪೌಂಡು, ಒಂದೂವರೆ ಪೌಂಡು. ಇಷ್ಟು ಹೆಸರಾದ ಹಾಡುಗಳು ಇಷ್ಟು ಅಗ್ಗಾನಾ? ಅವನು ನಕ್ಕ. ಹೆಸರಾಗಿದ್ದಕ್ಕೇ ಅಗ್ಗ. ಲಕ್ಷಗಟ್ಟಲೆ ಮಾರಾಟವಾದ ಪ್ಲೇಟು ಈ ಸೀಮೆಯ ಪ್ರತಿ ಅಟ್ಟದಲ್ಲೂ ಒಂದಿದೆ. ಯಾರೂ ಕೊಳ್ಳದೆ ತೋಪಾದದ್ದೇ ಈಗ ತುಟ್ಟಿ. 1969ರಲ್ಲಿ ಇವರ ಹೆಸರು ಇನ್ನೂ 'ಆಂಬ್ರೋಸ್ ಸ್ಲೇಡ್' ಅಂತ ಇದ್ದಾಗ ಫಾಂಟಾನಾ ಕಂಪನಿಯಿಂದ 'ಜೆನೆಸಿಸ್' ಅಂತ ಒಂದು ಸಿಂಗಲ್ ಬಂದಿತ್ತು. ಯಾರೂ ತಿರುಗಿ ನೋಡಲಿಲ್ಲ. ಈಗ ಅದಕ್ಕೆ ನೂರಾರು ಪೌಂಡು. ಕಂಪನಿಯ ಆಫೀಸಿನ ಸೆಕ್ರೆಟರಿ ತನ್ನ ಕೈಚೀಲಕ್ಕೆ ಆಂಬ್ರೋಸ್ ಅಂತಲೂ ಚಪ್ಪಲಿಗೆ ಸ್ಲೇಡ್ ಅಂತಲೂ ಹೆಸರಿಟ್ಟಿದ್ದಳು, ಅದನ್ನೇ ಬ್ಯಾಂಡಿಗೆ ಇಟ್ಟರು ಅನ್ನುವ ಕತೆಯನ್ನೂ ಹೇಳಿದ. ಕೈಚೀಲ ಬಿದ್ದುಹೋಗಿ ಚಪ್ಪಲಿ ಉಳಿಯಿತು ಅನ್ನಿ.

ಪ್ಲೇಟು ನೋಡುವುದು ಹೇಗೆ ಅಂತ ಅವನೇ ಕಲಿಸಿದ. ಕವರಿನಿಂದ ತೆಗೆದು ಅಂಚು ಮತ್ತು ನಡುವಿನ ಲೇಬಲ್ ಮಾತ್ರ ಮುಟ್ಟಬೇಕು. ದೀಪದ ಕೆಳಗೆ ಓರೆ ಮಾಡಿ ಹಿಡಿದರೆ ಗೀರು ಕಾಣುತ್ತದೆ. ಕಂಡ ಗೀರಿನ ಮೇಲೆ ಉಗುರನ್ನು ಹಗುರವಾಗಿ ಎಳೆಯಬೇಕು. ಉಗುರಿಗೆ ತಾಗದಿದ್ದರೆ ಹಾಡಿಗೂ ಅಷ್ಟಾಗಿ ತಾಗುವುದಿಲ್ಲ. ತಾಗಿದರೆ ಮುಳ್ಳು ಅಲ್ಲಿ ಟಕ್ ಟಕ್ ಅನ್ನುತ್ತದೆ. ಕವರಿನ ಬಗ್ಗೆ ತಲೆ ಕೆಡಿಸಿಕೊಳ್ಳಬೇಡ ಅಂದ. ಆಗ ಬ್ರಿಟನ್ನಿನಲ್ಲಿ ಹೆಚ್ಚಿನ ಸಿಂಗಲ್‌ಗಳಿಗೆ ಕಂಪನಿಯ ಸಾದಾ ಕಾಗದದ ಕವರು, ನಡುವೆ ಲೇಬಲ್ ಕಾಣುವ ದುಂಡು ತೂತು. ಬ್ಯಾಂಡಿನ ಚಿತ್ರವಿರುವ ಚಂದದ ಕವರು ಬೇಕೆಂದರೆ ಜರ್ಮನಿ, ಹಾಲೆಂಡಿನ ಪ್ಲೇಟು ಹುಡುಕಬೇಕು.

ಮೂರು ಆರಿಸಿದೆ. 1971ರ 'ಕಾಝ್ ಐ ಲವ್ ಯೂ', ಇವರ ಮೊದಲ ನಂಬರ್ ಒನ್. ಬಾಸ್ ಬಾರಿಸುವ ಜಿಮ್ ಲೀ ಇದರಲ್ಲಿ ಪಿಟೀಲು ನುಡಿಸಿದ್ದಾನೆ. ಮತ್ತೆರಡು 1972ರ 'ಟೇಕ್ ಮಿ ಬ್ಯಾಕ್ ಓಮ್', 'ಮಾಮಾ ವಿಯರ್ ಆಲ್ ಕ್ರೇಝಿ ನೌ'. ಎಲ್ಲದರಲ್ಲೂ ಸ್ಪೆಲ್ಲಿಂಗ್ ಸತ್ತಿದೆ. ಹಿಂದಿನ ಮಗ್ಗುಲಿನ ಹಾಡನ್ನೂ ಬಿಟ್ಟಿಲ್ಲ. 'ಓಮ್' ಹಿಂದಿರುವ ಹಾಡಿನ ಹೆಸರು 'ವಂಡರಿನ್ ವೈ'. ಆ 'ವೈ'ಗೆ ಒಂದೇ ಅಕ್ಷರ. ನಮ್ಮ ಮೇಷ್ಟರಾಗಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಇಲ್ಲಿನ ಮೇಷ್ಟರುಗಳೂ ಆಗ ಕೂಗಾಡಿದ್ದರಂತೆ, ಮಕ್ಕಳು ಕೆಟ್ಟುಹೋಗುತ್ತಾರೆ ಅಂತ. ನಾನು ಇದನ್ನು ಎತ್ತಿದ್ದಕ್ಕೆ ಯಜಮಾನ ಹುಬ್ಬೇರಿಸಿದ. ತಪ್ಪು ಬರೆದದ್ದಲ್ಲ, ನಾವು ಆಡುವ ಹಾಗೇ ಬರೆದದ್ದು ಅಂದ.

ಹೊರಡುವಾಗ "ಟರಾ ಎ ಬಿಟ್" ಅಂದ. ಸದ್ಯಕ್ಕೆ ಬರುತ್ತೇನೆ ಅನ್ನುವ ಹಾಗೆ. ನಾವೂ 'ಹೋಗ್ತೀನಿ' ಅನ್ನುವುದಿಲ್ಲವಲ್ಲ, 'ಹೋಗಿ ಬರ್ತೀನಿ' ಅಂತೀವಿ.

ರಾತ್ರಿ ಊಟಕ್ಕೆ ಪಂಜಾಬಿಗಳು ನಡೆಸುವ ಪಬ್ಬಿಗೆ ಹೋದೆವು. ಈ ಸೀಮೆಯಲ್ಲಿ ಇಂಥವು ಬೇಕಾದಷ್ಟಿವೆ, ದೇಸಿ ಪಬ್ ಅಂತಲೇ ಕರೆಯುತ್ತಾರೆ. ಒಂದು ಕಡೆ ಬಿಯರ್, ಫುಟ್‌ಬಾಲ್ ಟಿವಿ. ಇನ್ನೊಂದು ಕಡೆ ಚುರ್ ಅನ್ನುವ ಕಬ್ಬಿಣದ ತಟ್ಟೆಯ ಮೇಲೆ ಈರುಳ್ಳಿ, ತಂದೂರಿ ಕೋಳಿ. ನನಗೆ ಪನೀರ್ ಟಿಕ್ಕಾ. ಭಾಮೈದ ಮಿಕ್ಸ್ಡ್ ಗ್ರಿಲ್ ಹೇಳಿದ. ಇಬ್ಬರಿಗೆ ಒಂದು ಸಾಕು ಅಂತ ಮಾಣಿ ಹೇಳಿದರೂ ಕೇಳಲಿಲ್ಲ. ಮಾಣಿ ಹೇಳಿದ್ದೇ ಸರಿಯಾಯಿತು.

ಪಕ್ಕದ ಮೇಜಿನಲ್ಲಿ ಎಂಬತ್ತರ ಹತ್ತಿರದ ಒಬ್ಬ ಸರ್ದಾರ್ಜಿ ಒಬ್ಬರೇ ಕೂತಿದ್ದರು. ನನ್ನ ಚೀಲದಲ್ಲಿ ಪ್ಲೇಟು ಕಂಡು ಮಾತಿಗೆ ಬಂದರು. ಹಿಂದಿಯಲ್ಲೇ ಮಾತಾಡಿದೆವು. ಅರವತ್ತರ ದಶಕದಲ್ಲಿ ಫೌಂಡ್ರಿ ಕೆಲಸಕ್ಕೆ ಬಂದವರು. ಆಗ ಈ ಊರಿನ ಸಂಸದ ಈನಾಕ್ ಪವೆಲ್. ವಲಸೆ ಬಂದವರ ವಿರುದ್ಧ 1968ರಲ್ಲಿ ಅವನು ಮಾಡಿದ ಭಾಷಣ ಇವತ್ತಿಗೂ ಕುಖ್ಯಾತ. ಬಸ್ ಓಡಿಸುವ ಸಿಖ್ಖರು ಪೇಟ ಕಟ್ಟಬಾರದು, ಗಡ್ಡ ಬಿಡಬಾರದು ಅಂತಲೂ ಇಲ್ಲಿ ನಿಯಮವಿತ್ತು. ಎರಡು ವರ್ಷ ಜಗಳ ನಡೆದು 1969ರ ಏಪ್ರಿಲ್‌ನಲ್ಲಿ ಅದನ್ನು ತೆಗೆದರು. ಅದೇ ವರ್ಷ ಸ್ಲೇಡಿನ ಈ ನಾಲ್ಕು ಹುಡುಗರು ಪ್ರಚಾರಕ್ಕಾಗಿ ತಲೆ ಬೋಳಿಸಿಕೊಂಡು ಸ್ಕಿನ್‌ಹೆಡ್ ಅನ್ನುವ ಬೋಳುತಲೆ ಪುಂಡರ ವೇಷ ಹಾಕಿದ್ದರು.

"ಬೋಳುತಲೆ ಹುಡುಗರನ್ನು ಕಂಡರೆ ನಾವು ರಸ್ತೆ ದಾಟಿಬಿಡುತ್ತಿದ್ದೆವು ಬೇಟಾ" ಅಂದರು ಅವರು. "ಆಮೇಲೆ ಇವರು ಕೂದಲು ಬಿಟ್ಟರು, ಮಿರಿಮಿರಿ ಮಿಂಚುವ ಬಟ್ಟೆ ಹಾಕಿದರು, ಕುಣಿದರು. ನನ್ನ ಮಗಳು ಗೋಡೆ ತುಂಬ ಅವರ ಫೋಟೋ ಅಂಟಿಸಿದ್ದಳು."

ಮತ್ತೇನೂ ಹೇಳದೆ ಲೋಟ ಎತ್ತಿದರು.

ಎರಡನೇ ದಿನ, ಶನಿವಾರ: ಬಿಲ್‌ಸ್ಟನ್

ಬೆಳಗ್ಗೆ ಎದ್ದಾಗ ಅನಾಹುತ ಆಗಿತ್ತು. ರಾತ್ರಿ ಮಲಗುವ ಮುಂಚೆ ಲೇಬಲ್ ಇನ್ನೊಮ್ಮೆ ನೋಡೋಣ ಅಂತ 'ಓಮ್' ಪ್ಲೇಟನ್ನು ಚೀಲದಿಂದ ತೆಗೆದಿದ್ದೆ. ನೋಡಿ, ಕಿಟಕಿಯ ಕೆಳಗಿನ ಕಬ್ಬಿಣದ ಹೀಟರ್ ಮೇಲೆ ಇಟ್ಟು ನಿದ್ದೆ ಹೋಗಿದ್ದೆ. ಅದು ಬೆಳಗಿನ ಜಾವ ತಾನಾಗಿ ಬಿಸಿಯಾಗುವ ಹೀಟರ್. ಪ್ಲೇಟು ಕಾದ ಎಣ್ಣೆಗೆ ಬಿಟ್ಟ ಹಪ್ಪಳದ ಹಾಗೆ ಮುದುಡಿಕೊಂಡಿತ್ತು.

ಭಾಮೈದ ಅದನ್ನು ಎತ್ತಿ ಬೆಳಕಿಗೆ ಹಿಡಿದ. "ಭಾವ, ಇದಕ್ಕೆ ಸ್ವಲ್ಪ ಈರುಳ್ಳಿ, ಟೊಮೇಟೊ ಹಾಕಿದ್ರೆ ಮಸಾಲ ಪಾಪಡ್."

ನನಗೆ ತಿಂಡಿ ಸೇರಲಿಲ್ಲ. ಉಳಿದ ಎರಡನ್ನು ಸೂಟ್‌ಕೇಸಿನಲ್ಲಿ ಎರಡು ರಟ್ಟಿನ ನಡುವೆ ನೆಟ್ಟಗೆ ನಿಲ್ಲಿಸಿ ಇಟ್ಟೆ. ಮಲಗಿಸಿ ಒಂದರ ಮೇಲೊಂದು ಪೇರಿಸಬಾರದು, ಓರೆಯಾಗಿ ಒರಗಿಸಬಾರದು, ಬಿಸಿಲು ಬೀಳುವ ಕಾರಿನಲ್ಲಂತೂ ಬಿಡಲೇಬಾರದು. ಇದೆಲ್ಲ ನನಗೆ ಮೊದಲೇ ಗೊತ್ತಿತ್ತು ಅನ್ನುವುದೇ ಹೆಚ್ಚು ಉರಿಸಿದ್ದು.

ಬಿಲ್‌ಸ್ಟನ್‌ಗೆ ಟ್ರಾಮಿನಲ್ಲಿ ಹೋದೆವು. ಡ್ರಮ್ಮರ್ ಡಾನ್ ಪವೆಲ್ ಹುಟ್ಟಿದ ಊರು. ಸಂಸದ ಪವೆಲ್‌ಗೂ ಇವನಿಗೂ ಹೆಸರು ಬಿಟ್ಟರೆ ಸಂಬಂಧವಿಲ್ಲ. ದೊಡ್ಡ ಉಕ್ಕಿನ ಕಾರ್ಖಾನೆ ಇದ್ದ ಊರು, 1979ರಲ್ಲಿ ಅದು ಮುಚ್ಚಿತು. ಈಗ ಅಲ್ಲಿ ಜನ ಸೇರುವುದು ಮಾರ್ಕೆಟ್ಟಿಗೆ. ಪರದೆ ಬಟ್ಟೆ, ಮೊಬೈಲ್ ಕವರು, ಉಣ್ಣೆ ಉಂಡೆ, ಹಸಿ ಮೀನು, ಎಲ್ಲದರ ನಡುವೆ ಹಳೇ ಸಾಮಾನಿನ ಒಂದು ಮಳಿಗೆ. ನಡೆಸುತ್ತಿದ್ದ ಹೆಂಗಸು ಕಾಲಿಗೆ ಕಂಬಳಿ ಸುತ್ತಿಕೊಂಡು ಚಹಾ ಕುಡಿಯುತ್ತಿದ್ದಳು. ಅವಳ ರಟ್ಟಿನ ಡಬ್ಬದಲ್ಲಿ ನನಗೆ ಬೇಕಿದ್ದ ನಾಲ್ಕನೆಯದು ಸಿಕ್ಕಿತು. 1973ರ 'ಕಮ್ ಆನ್ ಫೀಲ್ ದ ನಾಯ್ಝ್'. ಬಿಡುಗಡೆಯಾದ ವಾರವೇ ನೇರವಾಗಿ ಮೊದಲ ಸ್ಥಾನಕ್ಕೆ ಹಾರಿದ ಹಾಡು. 1969ರಲ್ಲಿ ಬೀಟಲ್ಸ್ ಮಾಡಿದ ಮೇಲೆ ಅದುವರೆಗೆ ಯಾರಿಗೂ ಆಗಿರಲಿಲ್ಲ. ಬೆಲೆ 50 ಪೆನ್ಸ್.

ಅಗ್ಗವಾಗಿದ್ದಕ್ಕೆ ಕಾರಣವಿತ್ತು. ನಡುವಿನ ತೂತು ರೂಪಾಯಿಗಿಂತ ದೊಡ್ಡದು. ಪಬ್ಬುಗಳಲ್ಲಿ ಕಾಸು ಹಾಕಿದರೆ ಹಾಡುವ ಜೂಕ್‌ಬಾಕ್ಸ್ ಯಂತ್ರಗಳಿಗೆ ದೊಡ್ಡ ತೂತಿನ ಪ್ಲೇಟೇ ಬೇಕು. ಬ್ರಿಟನ್ನಿನ ಎಷ್ಟೋ ಸಿಂಗಲ್‌ಗಳಲ್ಲಿ ನಡುವಿನ ಚಕ್ರ ನಾಲ್ಕು ಸಣ್ಣ ಕಡ್ಡಿಗಳ ಮೇಲೆ ನಿಂತಿರುತ್ತದೆ. ಹೆಬ್ಬೆರಳಿನಿಂದ ಒತ್ತಿದರೆ ಕಿತ್ತು ಬರುತ್ತದೆ. ಇದು ಯಾವುದೋ ಪಬ್ಬಿನಲ್ಲಿ ವರ್ಷಗಟ್ಟಲೆ ದುಡಿದ ಪ್ಲೇಟು. ಮನೆಯಲ್ಲಿ ಕೇಳಬೇಕೆಂದರೆ ನಡುವೆ ಪ್ಲಾಸ್ಟಿಕ್ಕಿನ ಬಿಲ್ಲೆ ಸಿಕ್ಕಿಸಬೇಕು. ಅವಳೇ ಡ್ರಾಯರಿನಲ್ಲಿ ತಡಕಾಡಿ ಒಂದು ಬಿಲ್ಲೆ ಕೊಟ್ಟಳು, ದುಡ್ಡು ಬೇಡ ಅಂದಳು. ಸಂಗ್ರಹ ಮಾಡುವವರು ಇಂಥದನ್ನು ಮೂಸಿ ನೋಡುವುದಿಲ್ಲ. ನನಗೆ ಇದೇ ಇಷ್ಟವಾಯಿತು. ಟೆಂಟ್ ಸಿನಿಮಾದಲ್ಲಿ ಆಟ ಶುರುವಾಗುವ ಮುಂಚೆ ದಿನಾ ಹಾಕಿ ಹಾಕಿ ಸವೆದ ಪ್ಲೇಟುಗಳು ನೆನಪಾದವು. ಅವು ಕರಕರ ಅನ್ನುತ್ತಿದ್ದಂತೆ ನಾವು ಮಕ್ಕಳು ಊಟ ಬಿಟ್ಟು ಓಡುತ್ತಿದ್ದೆವು.

ಡಾನ್ ಪವೆಲ್ ಬಗ್ಗೆ ಕೇಳಿದೆ. ಅವಳು ದನಿ ತಗ್ಗಿಸಿದಳು. 1973ರ ಜುಲೈ 1ರಂದು ಲಂಡನ್ನಿನ ಅರ್ಲ್ಸ್ ಕೋರ್ಟಿನಲ್ಲಿ ಭರ್ತಿ ಜನರ ಮುಂದೆ ಬಾರಿಸಿದ್ದ. ಮೂರೇ ದಿನಕ್ಕೆ ವೊಲ್ವರ್‌ಹ್ಯಾಂಪ್ಟನ್‌ನಲ್ಲಿ ಕಾರು ಅಪಘಾತವಾಗಿ ಅವನ ಜೊತೆಗಿದ್ದ ಹುಡುಗಿ ತೀರಿಕೊಂಡಳು. ಅವನು ದಿನಗಟ್ಟಲೆ ಪ್ರಜ್ಞೆಯಿಲ್ಲದೆ ಮಲಗಿದ್ದ. ಬದುಕಿದ, ಆದರೆ ರುಚಿ ಮತ್ತು ವಾಸನೆ ಹೋಯಿತು. ಈಗಷ್ಟೇ ನಡೆದದ್ದು ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ಅಂಥ ಸ್ಥಿತಿಯಲ್ಲೇ ಕೆಲವು ವಾರ ಬಿಟ್ಟು ಮತ್ತೆ ಕೋಲು ಹಿಡಿದ. ಅವಳು ಚಹಾ ಲೋಟ ಕೆಳಗಿಟ್ಟು, ಊರಲ್ಲಿ ಆ ವಾರ ಯಾರೂ ರೇಡಿಯೋ ಜೋರಾಗಿ ಹಾಕಲಿಲ್ಲ ಅಂದಳು.

ಮಧ್ಯಾಹ್ನ ಚಿಪ್ಸ್ ಅಂಗಡಿ. ಬೇರೆ ಕಡೆ ಚಿಪ್ಸ್ ಬಿಳುಚಿಕೊಂಡಿರುತ್ತವೆ, ಇಲ್ಲಿ ಕಿತ್ತಳೆ ಬಣ್ಣ! ಆಲೂಗಡ್ಡೆ ಹೋಳನ್ನು ಹಿಟ್ಟಿನಲ್ಲಿ ಅದ್ದಿ ಕರಿಯುತ್ತಾರೆ. ನಮ್ಮ ಬಜ್ಜಿಗೆ ದೂರದ ನೆಂಟ. ಅರಿಶಿನವಾ ಅಂತ ಕೇಳಿದರೆ ಅಂಗಡಿಯವನು ಕಣ್ಣು ಮಿಟುಕಿಸಿದನೇ ಹೊರತು ಹೇಳಲಿಲ್ಲ. ಒಂದು ವಿಷಯ ಮಾತ್ರ ಮೊದಲೇ ಕೇಳಿಬಿಡಿ. ಈ ಕಡೆ ಬಹಳ ಅಂಗಡಿಗಳಲ್ಲಿ ದನದ ಕೊಬ್ಬಿನಲ್ಲಿ ಕರಿಯುತ್ತಾರೆ. ನಾವು ಮೂರನೇ ಅಂಗಡಿಯಲ್ಲಿ ಸಸ್ಯದ ಎಣ್ಣೆ ಅಂತ ಖಾತ್ರಿ ಮಾಡಿಕೊಂಡು, ವಿನೆಗರ್ ಸುರಿಸಿಕೊಂಡು, ಕಾಗದದ ಪೊಟ್ಟಣ ಬಿಚ್ಚಿ ನಿಂತೇ ತಿಂದೆವು. ಮಳೆಯಲ್ಲಿ ಬಿಸಿ ಬಜ್ಜಿ ತಿನ್ನುವ ಸುಖಕ್ಕೆ ದೇಶ ಯಾವುದಾದರೇನು.

ಮೂರನೇ ದಿನ, ಭಾನುವಾರ: ಕೆಸರಿನ ಸಂತೆ

ಇಲ್ಲಿ ಭಾನುವಾರ ಬೆಳಗ್ಗೆ ಬಯಲಿನಲ್ಲಿ ಸಂತೆ ಸೇರುತ್ತದೆ. ಜನ ಕಾರಿನ ಡಿಕ್ಕಿ ತೆರೆದು ಮನೆಯ ಹಳೇ ಸಾಮಾನು ಮಾರುತ್ತಾರೆ. ಬೆಳಕು ಹರಿಯುವ ಮೊದಲೇ ಹೋಗಬೇಕು, ಏಕೆಂದರೆ ಅಂಗಡಿಯವರು ಟಾರ್ಚ್ ಹಿಡಿದು ಬಂದು ಒಳ್ಳೆಯದನ್ನೆಲ್ಲ ಬಾಚಿಕೊಂಡು ಹೋಗಿರುತ್ತಾರೆ. ನಾವು ಎಂಟೂವರೆಗೆ ಹೋದೆವು. ಬಾಚಿಕೊಂಡು ಹೋಗಿದ್ದರು. ಅದೂ ಅಲ್ಲದೆ ಪಾದ ಮುಳುಗುವ ಕೆಸರು. ಭಾಮೈದನ ಬಿಳಿ ಶೂ ಗದ್ದೆಯಿಂದ ಎದ್ದ ಎತ್ತಿನ ಗೊರಸಿನ ಹಾಗಾಯಿತು. ಅವನು ಅರ್ಧ ಗಂಟೆ ನನ್ನ ಜೊತೆ ಮಾತಾಡಲಿಲ್ಲ.

ಸಿಕ್ಕಿದ್ದು ಒಬ್ಬ ತಾತನ ಬಳಿ. ಪ್ಲಾಸ್ಟಿಕ್ ಹಾಳೆ ಮುಚ್ಚಿದ ಸೂಟ್‌ಕೇಸಿನಲ್ಲಿ ತಂಗಿಯ ಹಳೇ ಪ್ಲೇಟುಗಳು. ಅದರಲ್ಲಿ 'ಸ್ಕ್ವೀಝ್ ಮಿ ಪ್ಲೀಝ್ ಮಿ', ಗೀರಿಲ್ಲದ್ದು. ಪಕ್ಕದಲ್ಲೇ ನಮ್ಮ ಸೂಪರ್ ಮಾರ್ಕೆಟ್ ಕಿರುಚಾಟ, 'ಮೆರಿ ಎಕ್ಸ್‌ಮಸ್ ಎವೆರಿಬಡಿ'. ಎರಡು ಪ್ರತಿ ಇದ್ದವು. ಇದರಲ್ಲಿ ಮೋಸ ಹೋಗುವುದು ಸುಲಭ. ಈ ಹಾಡನ್ನು ಮತ್ತೆ ಮತ್ತೆ ಹೊರತಂದಿದ್ದಾರೆ. 1973ರ ಮೂಲ ಪ್ಲೇಟು ಬೇಕಿದ್ದರೆ ಕೆಂಪು ಪಾಲಿಡೋರ್ ಲೇಬಲ್ಲು, 2058 422 ಅನ್ನುವ ಸಂಖ್ಯೆ ನೋಡಬೇಕು. ಒಂದು ಅದೇ. ಇನ್ನೊಂದು 1980ರದು. ಅದರ ಮೇಲೆ 'ಸ್ಲೇಡ್ ಮತ್ತು ರೆಡಿಂಗ್ ಕ್ವಾಯರ್' ಅಂತ ಇತ್ತು.

"ಭಾವ, ನಿಮ್ಮೂರು!" ಅಂತ ಮೌನ ಮುರಿದ ಭಾಮೈದ.

ಅದೇನು ಭಜನಾ ಮಂಡಳಿ ಅಲ್ಲ. 1980ರಲ್ಲಿ ಎಲ್ಲರೂ ಮರೆತಿದ್ದ ಸ್ಲೇಡ್, ರೆಡಿಂಗ್ ಉತ್ಸವದಲ್ಲಿ ಹಾಡಿ ಜನರನ್ನು ಹುಚ್ಚೆಬ್ಬಿಸಿತ್ತು. ಆ ನೆನಪಿನ ತಮಾಷೆಯ ಹೆಸರು ಅದು. ನಿಯಮದಲ್ಲಿ ಇಲ್ಲದಿದ್ದರೂ ಊರಿನ ಅಭಿಮಾನಕ್ಕೆ ಕೊಂಡೆ. ತಾತ ಮೂರಕ್ಕೂ ಸೇರಿ 4 ಪೌಂಡ್ ಹೇಳಿದ. ನಾನು ಚೌಕಾಸಿ ಮಾಡಿ ಮೂರೂವರೆಗೆ ಇಳಿಸಿದೆ. ಅಷ್ಟೊತ್ತಿಗೆ ಅವನ ಕೈ ಚಳಿಗೆ ನಡುಗುತ್ತಿರುವುದು ಕಂಡು ನಾಲ್ಕೇ ಕೊಟ್ಟೆ.

ಈ ಕ್ರಿಸ್‌ಮಸ್ ಹಾಡು ಹುಟ್ಟಿದ್ದು ಎಂಥ ಸೆಕೆಯಲ್ಲಿ ಅಂತ ಗೊತ್ತಾದರೆ ನಗು ಬರುತ್ತದೆ. 1973ರ ಬೇಸಿಗೆಯಲ್ಲಿ ನ್ಯೂಯಾರ್ಕಿನ ರೆಕಾರ್ಡ್ ಪ್ಲಾಂಟ್ ಸ್ಟುಡಿಯೋದಲ್ಲಿ ಬೆವರು ಸುರಿಸುತ್ತಾ ಹಾಡಿದ್ದು. ಪಕ್ಕದಲ್ಲೇ ಕೆಲಸ ಮಾಡುತ್ತಿದ್ದ ಜಾನ್ ಲೆನನ್ ಬಳಸುತ್ತಿದ್ದ ಹಾರ್ಮೋನಿಯಂ ಅನ್ನೇ ನುಡಿಸಿದ್ದು. ಅಪಘಾತವಾಗಿ ಇನ್ನೂ ಎರಡು ತಿಂಗಳಾಗಿದ್ದ ಪವೆಲ್ ಡ್ರಮ್ಸ್ ಬಾರಿಸಿದ್ದು. ಬಿಡುಗಡೆಗೆ ಮುಂಚೆಯೇ 5 ಲಕ್ಷ ಪ್ರತಿಗೆ ಬೇಡಿಕೆ ಬಂದಿತ್ತು. ಆ ಐದು ಲಕ್ಷದಲ್ಲಿ ಒಂದು ಈಗ ನನ್ನ ಕೋಟಿನೊಳಗೆ, ಮಳೆಗೆ ಒದ್ದೆಯಾಗದಂತೆ ಎದೆಗೆ ಒತ್ತಿಕೊಂಡಿತ್ತು.

ಸಂಜೆಯೆಲ್ಲ ಭಾಮೈದನ ಶೂ ತೊಳೆಯುವುದರಲ್ಲಿ ಹೋಯಿತು.

ನಾಲ್ಕನೇ ದಿನ, ಸೋಮವಾರ: ವಾಲ್ಸಾಲ್

ನಾಡಿ ಹೋಲ್ಡರ್ ಹುಟ್ಟೂರು ವಾಲ್ಸಾಲ್. ಅಪ್ಪ ಮನೆ ಮನೆಯ ಕಿಟಕಿ ಗಾಜು ಒರೆಸುವವನು. ಇಲ್ಲಿ 2000ದಲ್ಲಿ ತೆರೆದ ನ್ಯೂ ಆರ್ಟ್ ಗ್ಯಾಲರಿ ಇದೆ. ಅದರ ಲಿಫ್ಟಿನಲ್ಲಿ ಮಹಡಿಯ ಹೆಸರು ಕೂಗಿ ಹೇಳುವ ದನಿ ಹೋಲ್ಡರನದೇ. ಚಿತ್ರ ನೋಡುವುದಕ್ಕಿಂತ ಲಿಫ್ಟಿನಲ್ಲಿ ನಾಲ್ಕು ಸಲ ಹತ್ತಿ ಇಳಿಯಬೇಕು ಅಂತ ನನ್ನ ಆಸೆ. ಹೋಗಿ ನೋಡಿದರೆ ಬಾಗಿಲು ಹಾಕಿತ್ತು. ಸೋಮವಾರ ರಜೆ. ಮೊದಲೇ ನೋಡಿಕೊಳ್ಳದ್ದು ನನ್ನದೇ ಬುದ್ಧಿಗೇಡಿತನ. ನೀವು ಹೋಗುವುದಾದರೆ ವಾರದ ನಡುವೆ ಹೋಗಿ. ಗಾಜಿಗೆ ಮುಖ ಒತ್ತಿ ಲಿಫ್ಟ್ ಎಲ್ಲಿದೆ ಅಂತ ಹುಡುಕಿದೆ.

"ನಾನು ಹೇಳ್ಲಾ ಭಾವ?" ಅಂದ ಭಾಮೈದ. ಕೈಯನ್ನು ಬಾಯಿಗೆ ಕಹಳೆಯ ಹಾಗೆ ಹಿಡಿದು "ಎರಡನೇ ಮಹಡೀ..." ಅಂತ ಕೂಗಿದ. ಪಾರಿವಾಳಗಳು ಹಾರಿದವು. ಒಬ್ಬಳು ಹುಡುಗಿ ಕಿವಿಯಿಂದ ಇಯರ್‌ಫೋನ್ ತೆಗೆದು ನಮ್ಮನ್ನು ನೋಡಿದಳು.

ಅಲ್ಲಿಂದ ಬಸ್ಸಿನಲ್ಲಿ ಬೆಂಟ್ಲಿ ಕಡೆಗೆ, ಪೌಕ್ ಹಿಲ್ ನೋಡಲು. ಬೆಟ್ಟ ಅಂತ ಹೆಸರು, ಆದರೆ ನಮ್ಮ ಕಡೆ ಇದನ್ನು ದಿಣ್ಣೆ ಅಂತಾರೆ. ಪೊದೆ, ಒದ್ದೆ ಹುಲ್ಲು, ಒಂದು ಮುರಿದ ಸೈಕಲ್ಲು, ಮೋಟರ್‌ವೇಯ ನಿಲ್ಲದ ಸದ್ದು. 1969ರಲ್ಲಿ ಆಂಬ್ರೋಸ್ ಸ್ಲೇಡ್ ಹುಡುಗರ ಮೊದಲ ಆಲ್ಬಂ ಮುಖಪುಟಕ್ಕೆ ಫೋಟೋ ತೆಗೆದದ್ದು ಇಲ್ಲೇ. ಕೊರೆಯುವ ಚಳಿಯಲ್ಲಿ ನಾಲ್ವರೂ ಬರಿಮೈಯಲ್ಲಿ ನಿಂತಿದ್ದರು. ಆ ಆಲ್ಬಂ ಮಾರಾಟವಾಗಲಿಲ್ಲ. ಚಳಿಯ ನೆನಪು ಮಾತ್ರ ಅವರಿಗೆ ಎಷ್ಟು ನಾಟಿತ್ತೆಂದರೆ ಮುಂದಿನ ವರ್ಷ ಪೌಕ್ ಹಿಲ್ ಬಗ್ಗೆಯೇ ಒಂದು ಹಾಡು ಮಾಡಿದರು. ನಾನು ಕೋಟು, ಮಫ್ಲರ್, ಮಂಕಿಟೋಪಿಯಲ್ಲಿ ಅಲ್ಲಿ ನಿಂತು ಐದು ನಿಮಿಷಕ್ಕೇ ಸೋತೆ. "ಭಾವ, ಶರ್ಟ್ ಬಿಚ್ಚಿ, ಫೋಟೋ ತೆಗೀತೀನಿ" ಅಂದ. ಕಿವಿ ಹಿಂಡಿದೆ.

ಆರನೆಯದು ಇನ್ನೂ ಬಾಕಿ. ಹಪ್ಪಳವಾದ 'ಓಮ್'. ಊರಿನ ದತ್ತಿ ಅಂಗಡಿಗಳನ್ನು ಒಂದೊಂದಾಗಿ ಹೊಕ್ಕೆವು. ಜನ ದಾನ ಕೊಟ್ಟ ಬಟ್ಟೆ, ಪುಸ್ತಕ, ಪಿಂಗಾಣಿ ಮಾರುವ ಅಂಗಡಿಗಳು. ಪ್ಲೇಟುಗಳು ಯಾವಾಗಲೂ ಮೂಲೆಯಲ್ಲಿ, ನೆಲದ ಮೇಲೆ, ಜಿಗ್‌ಸಾ ಡಬ್ಬಗಳ ಹಿಂದೆ ಇರುತ್ತವೆ. ಮಂಡಿಯೂರಲು ಸಿದ್ಧರಾಗಿ ಹೋಗಬೇಕು. ನಾಲ್ಕನೇ ಅಂಗಡಿಯಲ್ಲಿ, ರೈಲಿಗೆ ಒಂದು ಗಂಟೆ ಇರುವಾಗ, ಕೆಂಪು ಲೇಬಲ್ ಕಾಣಿಸಿತು. 2058 231. ಅದೇ.

ದೀಪಕ್ಕೆ ಹಿಡಿದೆ. ಗೀರು ಅಲ್ಲಲ್ಲಿ, ಉಗುರಿಗೆ ತಾಗಲಿಲ್ಲ. ಆಮೇಲೆ ಲೇಬಲ್ ನೋಡಿದೆ. ಯಾರೋ ನೀಲಿ ಬಾಲ್‌ಪೆನ್ನಿನಲ್ಲಿ ಹಾಡಿನ ಹೆಸರನ್ನು ತಿದ್ದಿದ್ದರು. ಬ್ಯಾಕಿನ ನಡುವೆ ಸಣ್ಣ ಬಾಣ ಹಾಕಿ ಒಂದು ಸಿ. ಓಮಿನ ಹಿಂದೆ, ಆ ಗೀಟಿನ ಮೇಲೆಯೇ ಒತ್ತಿ ಬರೆದ ದೊಡ್ಡ ಎಚ್. ತಿದ್ದಿದವರು ಟೀಚರೋ, ಅಪ್ಪನೋ, ಶಾಲೆಯಲ್ಲಿ ಏಟು ತಿಂದ ಮಗುವೋ. ಕೆಳಗೆ ಗೆರೆ ಬೇರೆ ಎಳೆದಿದ್ದರು.

ಕೌಂಟರಿನ ಹೆಂಗಸು ಅದನ್ನು ನೋಡಿ, ಗೀಚಿಬಿಟ್ಟಿದ್ದಾರೆ, 25 ಪೆನ್ಸ್ ಕೊಡಿ ಸಾಕು ಅಂದಳು. ಸಂಗ್ರಹಕಾರರ ಲೆಕ್ಕದಲ್ಲಿ ಲೇಬಲ್ ಮೇಲೆ ಬರೆದದ್ದಕ್ಕೆ ಬೆಲೆ ಇಳಿಯುತ್ತದೆ. ನಾನು ಒಂದು ಪೌಂಡ್ ಕೊಟ್ಟು ಚಿಲ್ಲರೆ ಡಬ್ಬಕ್ಕೆ ಹಾಕಿದೆ.

ಸ್ಟೇಷನ್ನಿನಲ್ಲಿ ಭಾಮೈದ ಒದ್ದೆ ಟಿಶ್ಯೂ ಕೊಟ್ಟ. "ಎಚ್ ಅಳಿಸ್ತೀರಾ?" ಅಂದ. ಅಳಿಸಲು ಹೋದರೆ ಲೇಬಲ್ಲಿನ ಕಾಗದವೇ ಎದ್ದು ಬರುತ್ತದೆ ಅಂದೆ. ಟಿಶ್ಯೂ ಶೂ ಒರೆಸಲು ಬಂತು.

ಮನೆ ಸೇರಿದಾಗ ರಾತ್ರಿ ಹತ್ತೂವರೆ. ಮಾರನೇ ದಿನ ಅವ್ವನಿಗೆ ವಿಡಿಯೋ ಕರೆ ಮಾಡಿದೆ. ಆರು ಪ್ಲೇಟುಗಳನ್ನು ಮೇಜಿನ ಮೇಲೆ ಜೋಡಿಸಿ ತೋರಿಸಿದೆ. ಅವಳು ಕನ್ನಡಕ ಹಾಕಿಕೊಂಡು ಫೋನಿನ ಹತ್ತಿರ ಬಂದಳು. ಪರದೆ ತುಂಬ ಅವಳ ಹಣೆ ಮಾತ್ರ.

"ಇದ್ಕೇನ್ಲಾ ನಾಕು ದಿನ ರಜ ಆಕಿದ್ದು?"

"ಹೂಂ ಅವ್ವ."

"ಸುಮ್ನೆ ಇಡ್ಕಂಡು ಯಾಕ್ ನಿಂತಿದ್ದೀಯ. ಒಂದು ಆಕ್ಲಾ, ಕೇಳಾನ."

ಲೇಬಲ್ ಗೀಚಿದ್ದನ್ನೇ ಆಕಿದೆ.